ಬಿಸಿಯೋ ತಣ್ಣಗೋ, ಮುಟ್ಟಿ ನೋಡು

ನಾನು ಹುಟ್ಟಾ ಪುಕ್ಕಲಿ, ಜಿರಲೆ ಕಂಡರೆ ಕುರ್ಚಿ ಹತ್ತುವವಳು. ಅಂಥವಳಿಗೆ ಸುಂಟಿಕೊಪ್ಪದ ಹತ್ತಿರ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆ ಮಕ್ಕಳ ಅಂಗನವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ತರಬೇತಿಯಲ್ಲಿ, "ವಿಜ್ಞಾನ ಬಾಯಲ್ಲಿ ಹೇಳಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ" ಅಂದರು. ಮಾಡಿಸಿದೆ. ಅವತ್ತಿನಿಂದ ನನ್ನ ಎದೆಯ ಡವಡವ ನಿಂತೇ ಇಲ್ಲ.

ಮುಳುಗುತ್ತೋ, ತೇಲುತ್ತೋ

ಬಕೆಟ್ ನೀರಿಗೆ ಕಾಫಿ ಹಣ್ಣು ಹಾಕಿಸಿದೆ. ಗಟ್ಟಿಯದು ಮುಳುಗಿತು, ಜೊಳ್ಳು ತೇಲಿತು. ಅದು ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆಮೇಲೆ ಎಲೆ, ಕಲ್ಲು, ಚಮಚ. ಅಷ್ಟರಲ್ಲಿ ಎಸ್ಟೇಟಿನ ಹಾಜರಿ ಬರೆಯುವ ರೈಟರು ಮಾತಾಡಲು ಬಂದು, ಮೊಬೈಲನ್ನು ಕಿಟಕಿಯಲ್ಲಿಟ್ಟರು. ತಿರುಗಿ ನೋಡುವಷ್ಟರಲ್ಲಿ ಬುಳುಕ್!

"ಮುಳುಗ್ತು ಟೀಚರ್!" ಮಕ್ಕಳೆಲ್ಲ ಚಪ್ಪಾಳೆ.

ನಾನು ಬಕೆಟ್ಟಿಗೆ ಕೈ ಹಾಕಿ ಮೊಬೈಲ್ ಎತ್ತಿಕೊಟ್ಟೆ. ರೈಟರು ಮೊಬೈಲ್ ಒರೆಸುತ್ತ, "ನಿಮ್ಮ ಸೂಪರ್‌ವೈಸರ್ ಮೇಡಂಗೆ ಈಗಲೇ ಫೋನ್ ಮಾಡ್ತೀನಿ!" ಅಂತ ಕೂಗಾಡಿದರು. ಆಮೇಲೆ ಸ್ವಲ್ಪ ತಗ್ಗಿ, ಕೈ ಚಾಚಿದರು. "ನಿಮ್ಮ ಫೋನ್ ಕೊಡಿ."

ಐದನೇ ಜಿಗಣೆ

ಮಳೆಗಾಲದಲ್ಲಿ ಮಕ್ಕಳು, ಜಿಗಣೆ ಹೇಗೆ ನಡೆಯುತ್ತೆ ನೋಡೋಣ ಅಂತ ಬಾಟಲಿಯಲ್ಲಿ ಐದನ್ನು ಹಿಡಿದು ತಂದರು. ನಾನು ಬಾಗಿಲಲ್ಲೇ ನಿಂತು ಪಾಠ ಮಾಡಿದೆ. ಊಟದ ಹೊತ್ತಿಗೆ ಎಣಿಸಿದರೆ ನಾಲ್ಕೇ! ಸೀರೆ ಕೊಡವಿದೆ, ಚಪ್ಪಲಿ ಬಿಸಾಡಿದೆ, ಮೇಜು ಹತ್ತಿ, "ಅಯ್ಯೋ, ಹುಡುಕ್ರೋ!" ಅಂತ ಕಿರುಚಿದೆ.

ಕಾಡಾನೆ ಬಂದರೆ ಕೂಗಿ ಎಚ್ಚರಿಸುವ ವಾಚರ್‌ನ ನಾಲ್ಕು ವರ್ಷದ ಮಗಳು ಅನ್ನ ಕಲಸುತ್ತ ಹೇಳಿದಳು, "ಸುಮ್ನಿರಿ ಟೀಚರ್. ಹಸಿವಾದ್ರೆ ಅದೇ ನಿಮ್ಮನ್ನ ಹುಡುಕ್ಕೊಂಡ್ ಬರ್ತದೆ."

ಗೇಟಿನ ಹತ್ತಿರ

ರೈಟರ ದೂರಿಗೆ ಕೊನೆಗೂ ಮೇಡಂ ಬಂದರು. "ಮುಟ್ಟೋದು, ಹಿಡಿಯೋದು ಇನ್ನು ಬೇಡ. ಗೋಡೆ ಮೇಲಿನ ಚಿತ್ರ ತೋರಿಸಿ ಸಾಕು. ಇನ್ನೊಂದು ದೂರು ಬಂದ್ರೆ ಕೆಲಸ ಬಿಡಬೇಕಾಗುತ್ತೆ." ನಮ್ಮ ಮನೆಯ ಒಲೆ ಉರಿಯುವುದೇ ಈ ಕೆಲಸದಿಂದ. "ಆಯ್ತು ಮೇಡಂ" ಅಂತ ತಲೆಯಾಡಿಸಿದೆ.

ಅವರನ್ನು ಕಳಿಸಲು ಮಕ್ಕಳ ಸಮೇತ ಗೇಟಿಗೆ ಬಂದರೆ, ದಾರಿಯಲ್ಲೇ ಆನೆ ಲದ್ದಿ. ಅದೇ ವಾಚರ್ ಮಗಳು ಓಡಿ ಹೋಗಿ ಅದರ ಮೇಲೆ ಅಂಗೈ ಊರಿದಳು.

"ಥೂ! ಇದೇನಾ ನೀವು ಕಲಿಸಿದ್ದು?" ಅಂದರು ಮೇಡಂ. ನಾನು ಕಲಿಸಿದ್ದು ಎರಡು ಲೋಟ ನೀರಿಟ್ಟು, ಯಾವುದು ಬಿಸಿ, ಯಾವುದು ತಣ್ಣಗೆ ಅಂತ ಮುಟ್ಟಿ ನೋಡುವುದು, ಅಷ್ಟೇ. ಮಿಕ್ಕಿದ್ದು ಅವಳ ಅಪ್ಪನ ಪಾಠ.

"ಟೀಚರ್, ಬಿಸಿ ಅದೆ."

"ಬಿಸಿ ಇದ್ರೇನೀಗ?" ಮೇಡಂ ಕೇಳಿದರು.

"ಆನೆ ಇಲ್ಲೇ ಅದೆ."

ಕಾಫಿ ಗಿಡಗಳ ನಡುವೆ ಕೊಂಬೆ ಲಟಕ್ ಅಂದಿತು. ಮಕ್ಕಳನ್ನು ಬಾಚಿಕೊಂಡು ಓಡಿದೆ. ಮೇಡಂ ಆಗಲೇ ಒಳಗೆ, ಮೇಜಿನ ಕೆಳಗೆ! ಚಿಲಕ ಹಾಕಿ ಮಕ್ಕಳನ್ನು ಮೂರು ಸಲ ಎಣಿಸಿದೆ. ಎಲ್ಲರೂ ಇದ್ದರು, ದೇವರು ದೊಡ್ಡವನು. ಒಂದು ಗಂಟೆ ಬಾಗಿಲು ತೆಗೆಯಲಿಲ್ಲ.

ಕೊನೆಗೆ ಹೊರಗಿನಿಂದ ವಾಚರ್ ಕೂಗಿದ, "ಆನೆ ರೋಡ್ ದಾಟಿ ಹೋಯ್ತು, ಬನ್ನಿ!"

ನಾನು ಚಿಲಕಕ್ಕೆ ಕೈ ಹಾಕಿದೆ. ಮೇಡಂ ನನ್ನ ಸೆರಗು ಹಿಡಿದೆಳೆದರು. "ತಡೀರಿ! ಅವನ ಮಾತು ಹಾಗಿರ್ಲಿ. ಆ ಮಗು ಇನ್ನೊಂದ್ಸಲ ಮುಟ್ಟಿ ನೋಡ್ಲಿ."