ಅವ್ವನ ದನಿ ಹೊಸ ಡಿಸ್ಕಿಗೆ ಬಂದದ್ದು

ನಮ್ಮಂಥವರಿಗೆ ಯಂತ್ರ ಕೆಟ್ಟರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಭಕ್ತಿ ಬರುತ್ತದೆ, ರಿಪೇರಿಯವನ ನೆನಪು ಬರುವುದು ಕಟ್ಟಕಡೆಗೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಅಮಾಸಿಗೊಮ್ಮೆ ತಕ್ಕಡಿಗೆ ಪೂಜೆ ಮಾಡಿ ರೂಢಿಯಾದ ಕೈ ನನ್ನದು. ಮನೆಗೆ ಬಂದು ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ನೀರು ಚಿಮುಕಿಸುತ್ತಿದ್ದೆ. ತಕ್ಕಡಿ ತಡೆದುಕೊಂಡಿತು. ಕಂಪ್ಯೂಟರಿಗೆ ಅಷ್ಟು ಭಕ್ತಿ ತಾಳಲಿಲ್ಲ. ಒಂದು ದಿನ ಒಳಗಿನಿಂದ ಕಟಕಟ ಎನ್ನತೊಡಗಿತು.

ಕೆಟ್ಟರೆ ಕೆಡಲಿ, ಹೊಸದು ತಂದರಾಯಿತು ಎನ್ನಬಹುದಿತ್ತು. ಆದರೆ ಅದರ ಹಾರ್ಡ್ ಡಿಸ್ಕಿನೊಳಗೆ ನಮ್ಮವ್ವ ಇದ್ದಳು. ತೀರಿಕೊಳ್ಳುವ ಮುಂಚಿನ ದೀಪಾವಳಿಯಲ್ಲಿ ಅವಳ ಬೀಸುವ ಹಾಡನ್ನು ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಮೊಬೈಲು ಆಮೇಲೆ ಮೇಡ್ಲೇರಿಯಲ್ಲಿ ಹೊಳೆಯ ಪಾಲಾಯಿತು. ಕೇಳಲು ಧೈರ್ಯ ಸಾಲದೆ ಆ ಹಾಡನ್ನು ಒಮ್ಮೆಯೂ ಹಾಕಿರಲಿಲ್ಲ. ಇದೆಯಲ್ಲ ಎಂಬ ಸಮಾಧಾನ ಸಾಕಾಗಿತ್ತು. ಅವಳು ಹೋದ ಮೇಲೆ ನನ್ನನ್ನು ‘ತಮ್ಮಾ’ ಎಂದು ಕರೆಯುವವರು ಯಾರೂ ಉಳಿದಿಲ್ಲ. ಐವತ್ತು ದಾಟಿದ ಗಂಡಸು ಇದನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಕಂಪ್ಯೂಟರನ್ನು ಬಗಲಲ್ಲಿ ಹೊತ್ತು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ರಿಪೇರಿ ಅಂಗಡಿಯ ದಾದಾಪೀರ ಮುಚ್ಚಳ ತೆಗೆದವನೇ ಮೇಲಿಂದ ಮೇಲೆ ಸೀನಿದ.

“ಏನ್ರಿ ಇದು, ಕುಂಕುಮ ಯಾವ್ದು, ಖಾರದಪುಡಿ ಯಾವ್ದು, ಗೊತ್ತಾಗವಲ್ಲದು. ಡಿಸ್ಕಿನ ಕತಿ ಮುಗಿಯಾಕ ಬಂದೈತಿ. ಒಳಗಿಂದು ಹೊಸಾ ಡಿಸ್ಕಿಗೆ ಎಷ್ಟು ಬರತೈತಿ ಅಷ್ಟು ಇಳಿಸಿಕೊಡ್ತೇನಿ, ಕುಂದ್ರಿ.”

ಕುಂತೆ. ಬೇಡವಾದದ್ದೆಲ್ಲ ಲಗೂ ಲಗೂ ಬಂತು. ಮಂದಿ ಕಳಿಸಿದ ಶುಭೋದಯದ ಹೂವುಗಳು ಬಂದವು. ಯಾರದೋ ಮದುವೆಯಲ್ಲಿ ನಾನು ಬಾಯಿ ತೆರೆದು ಹೋಳಿಗೆ ತಿನ್ನುವ ಫೋಟೊ ಕೂಡ ಕೂದಲು ಕೊಂಕದೆ ಬಂತು. ಅವ್ವನ ಹಾಡಿಗೆ ಬಂದಾಗ ಪರದೆಯ ಮೇಲಿನ ಹಸಿರು ಗೆರೆ ನಿಂತುಬಿಟ್ಟಿತು. ಬಂದುಬಿಡು ಅವ್ವಾ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಮೊದಲಿನ ತುಣುಕು ಅಷ್ಟ ಬಂದೈತ್ರಿ,” ಎಂದ ದಾದಾಪೀರ, ನನ್ನ ಮುಖ ನೋಡದೆ. “ಉಳಿದದ್ದು ಹೋತು ಅನ್ರಿ.”

ಮನೆಗೆ ಬಂದು ಹೊಸ ಡಿಸ್ಕಿನಿಂದ ಆ ತುಣುಕನ್ನು ಹಾಕಿದೆ. ಹಾಡು ಇರಲಿಲ್ಲ. ಹಾಡಿಗೆ ಮುಂಚಿನ ತಕರಾರು ಇತ್ತು. “ಹಾಡೇನು ಓಡಿ ಹೋಗತೈತೇನೋ ತಮ್ಮಾ? ಮೊದಲ ಆ ಮೊಬೈಲ್ ಅತ್ತಾಗ ಇಡು. ರೊಟ್ಟಿ ಆರಾಕತ್ತಾವು, ಉಣ್ಣಾಕ ಬಾ.”

ಕಣ್ಣು ತುಂಬಿ ಬಂತು. ಅವ್ವ ಹಾಡಿದ್ದು ಅಪರೂಪ. ದಿನಾ ಅಂದದ್ದು ಇದನ್ನೇ. ಮತ್ತೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು, “ಉಣ್ಣಾಕ ಬರ್ರಿ ಅಂತ ನಾನೂ ಆಗಿಂದ ಕರಿಯಾಕತ್ತೇನಿ. ಡಿಸ್ಕಿನಾಗಿಂದ ಕರದರ ಅಷ್ಟ ಕೇಳತೈತೇನು ನಿಮಗ?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ, ತುಣುಕಿನ ತುದಿಯಲ್ಲಿದ್ದ ನನ್ನದೇ ಹಳೆಯ ದನಿ ಅವಳಿಗೆ ಉತ್ತರ ಕೊಟ್ಟಿತು: “ಒಂದ ನಿಮಿಷ ತಡಿ, ಬಂದೆ.”