ಕಾಕುವಿನ ಡಬ್ಬಿಯೂ ಬಿಸ್ಕೀಟಿನ ಸಿಂಗಾರವೂ

ನಮ್ಮ ಕಾಕು ಈ ಜಗತ್ತಿನಲ್ಲಿ ಯಾರನ್ನೂ ನಂಬುವುದಿಲ್ಲ, ಶೇಂಗಾ ಒಂದನ್ನು ಬಿಟ್ಟು!

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಕುಂಭಾರಿಯ ಒಕ್ಕಲುತನದ ಮನೆಯವಳು. ಯಾರು ಏನೇ ತಿನ್ನಲು ಕೊಟ್ಟರೂ ಮೊದಲು ಮೂಗಿಗೆ ಹಿಡಿದು ಮೂಸುತ್ತಾಳೆ. ನನ್ನ ಮದುವೆಯಲ್ಲಿ ಬೀಗರು ಕೊಟ್ಟ ಪೇಢೆಯನ್ನು ಅವರೆದುರೇ ಎರಡು ಸಲ ಮೂಸಿದಳು. ನನ್ನ ಅತ್ತೆ ಇಂದಿಗೂ ಅದನ್ನು ಮರೆತಿಲ್ಲ. ಶೇಂಗಾ ಚಟ್ನಿಗೆ ಮಾತ್ರ ಈ ತಪಾಸಣೆ ಇಲ್ಲ. ಅದು ಸ್ಟೀಲಿನ ಡಬ್ಬಿಯಲ್ಲಿ ಸದಾ ಅವಳ ಚೀಲದಲ್ಲಿರುತ್ತದೆ. ಅಕ್ಕಲಕೋಟೆಗೆ ದರ್ಶನಕ್ಕೆ ಹೋಗಿ ಪಂಕ್ತಿಯಲ್ಲಿ ಕುಳಿತಾಗಲೂ ಆ ಡಬ್ಬಿ ಹೊರಬಂದಿತ್ತು. ಖೀರಿಗೆ ಚಟ್ನಿ ಹಚ್ಚಿಕೊಂಡು ಉಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ಸೊಲ್ಲಾಪುರದ ನಮ್ಮ ಮನೆಯಲ್ಲಿ ಮಗಳಿಗೆ ಆರು ತುಂಬುವ ದಿನ ಬಿಸ್ಕೀಟು ಸಿಂಗರಿಸುವ ಪಾರ್ಟಿ ಎಂದು ತೀರ್ಮಾನವಾಯಿತು. ಮಗಳು ಅದನ್ನು ಮೊಬೈಲಿನಲ್ಲಿ ನೋಡಿದ್ದಳು. ಹಾಗೆ ತೀರ್ಮಾನವಾದ ದಿನ ಯಾವುದೋ ಕೆಲಸಕ್ಕೆ ಪೇಟೆಗೆ ಬಂದಿದ್ದ ಕಾಕು ಕೇಳಿ ದಂಗಾದಳು.

"ಬಿಸ್ಕೀಟಿಗಿ ಸಿಂಗಾರ? ಅದೇನ್ ಹಸೆಮಣಿ ಏರೂ ಮದಿಮಗಳೇನ?"

"ಮಕ್ಕಳು ಬಣ್ಣದ ಸಕ್ರಿ ಹಚ್ಚತಾರ ಕಾಕು, ಆಮ್ಯಾಲ ತಿಂತಾರ."

"ಸಿಂಗಾರ ಮಾಡಿ ತಿನ್ನೂದಾ! ಪಾಪ ಅಲ್ಲೇನ ಪೋರಿ?"

ಆಗಲೇ ಫೋನು ಬಂತು. ಮಗಳ ತರಗತಿಯ ಒಬ್ಬ ಹುಡುಗನ ತಾಯಿ. "ನಮ್ಮ ಹುಡುಗಗ ಶೇಂಗಾ ಆಗಂಗಿಲ್ರಿ. ಹೋದ ವರ್ಷ ಉಗುರಷ್ಟು ಚಿಕ್ಕಿ ತಿಂದು ಮಾರಿ ಬಾತು ಉಸಿರೇ ನಿಂತಂಗಾಗಿತ್ತು. ಆವಾಗಿಂದ ಯಾರ ಬರ್ತಡೇಕ್ಕೂ ಕಳಿಸಿಲ್ಲ. ಇದ ಮೊದಲನೇದು."

ಒಂದು ಕಾಳೂ ಇರುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಫೋನು ಇಟ್ಟ ಮೇಲೆ ಕಾಕುವಿಗೂ ಹೇಳಿದೆ.

"ಶೇಂಗಾಕ್ಕ ಕೆಟ್ಟ ಹೆಸರ ಇಡ್ತಾರ! ಇನ್ನ ನೀರಿಗೂ ಇಡ್ತಾರ ನೋಡು!" ಎಂದಳು. ಚಹಾ ಮುಗಿಸಿದ ಮೇಲೆ ಮೆಲ್ಲಗೆ ಕೇಳಿದಳು: "ಆ ಕೂಸಿಗಿ ಯಾರೂ ಕರಿಯಂಗಿಲ್ಲೇನ?" ಇಲ್ಲ ಎಂದೆ. ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಹದಿನೈದು ದಿನ ಬಿಟ್ಟು, ಪಾರ್ಟಿಯ ಹಿಂದಿನ ದಿನ ಮತ್ತೆ ಬಂದಳು. ನಮ್ಮಲ್ಲಿ ಬಿಸ್ಕೀಟನ್ನು ಬೇಕರಿಯ ಭಟ್ಟಿಗೆ ನಮ್ಮದೇ ಮೈದಾ, ತುಪ್ಪ, ಸಕ್ಕರೆ ಒಯ್ದು ಮಾಡಿಸುತ್ತಾರೆ. ಕಾಕು ಭಟ್ಟಿಯೆದುರು ಸ್ಟೂಲು ಹಾಕಿಕೊಂಡು ಕುಳಿತಳು.

"ನಮಗಿಂತ ಮೊದಲ ಈ ತಾಟಿನ್ಯಾಗ ಯಾರ್ದು ಬೇಯಿಸಿದಿ?"

"ಯಾರ್ದೋ ನಾನ್‌ಕಟಾಯಿ ಇತ್ರಿ ಕಾಕು."

"ತೊಳಿ."

ಬೇಕರಿಯವನು ತೊಳೆದ. ಅವಳು ಮೂಸಿದಳು. ಮತ್ತೆ ತೊಳೆ ಎಂದಳು. ಮೂರನೇ ಸಲಕ್ಕೆ ಅವನು ಕೈಮುಗಿದು, "ಕಾಕು, ಇನ್ನ ಭಟ್ಟೀನೂ ತೊಳೀಲೇನ್ರಿ?" ಎಂದ. ನಾನು ನಾಚಿಕೆಯಿಂದ ರಸ್ತೆಯ ಕಡೆ ನೋಡುತ್ತ ನಿಂತೆ.

ನನ್ನ ಚಿಂತೆಯೆಲ್ಲ ಆ ಡಬ್ಬಿಯದು. ಪಾರ್ಟಿಯ ಬೆಳಿಗ್ಗೆ ಕಾಕು ಸ್ನಾನಕ್ಕೆ ಹೋದಾಗ ಅವಳ ಚೀಲಕ್ಕೆ ಕೈ ಹಾಕಿದೆ. ಮುಚ್ಚಳ ತೆಗೆದೆ. ಕೆಂಪಗಿತ್ತು. ಮುಚ್ಚಿ ಕಪಾಟಿನ ಮೇಲೆ ಇಟ್ಟು, ಕೈ ಎರಡು ಸಲ ತೊಳೆದುಕೊಂಡೆ. ಬಾಗಿಲಲ್ಲಿ ಮಗಳು ನಿಂತಿದ್ದಳು. ಆರು ವರ್ಷದವಳ ಎದುರು ಯಾರಾದರೂ ಏನನ್ನಾದರೂ ಅಡಗಿಸಿ ಇಡುತ್ತಾರೆಯೇ? ನಾನು ಇಟ್ಟೆ.

ಸಂಜೆ ಎಂಟು ಮಕ್ಕಳು ಚಾದರದ ಮೇಲೆ ಸುತ್ತ ಕುಳಿತರು. ನಡುವೆ ಬಟ್ಟಲುಗಳಲ್ಲಿ ಹಳದಿ, ಹಸಿರು, ಗುಲಾಬಿ ಬಣ್ಣದ ಸಕ್ಕರೆ ಪಾಕ. ಆ ಹುಡುಗ ಎರಡೂ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡಿದ್ದ. ಪ್ರತಿಯೊಂದನ್ನೂ ಮುಟ್ಟುವ ಮೊದಲು ತಾಯಿಯನ್ನು ನೋಡುತ್ತಿದ್ದ. ಬಾಗಿಲ ಬಳಿ ಔಷಧಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತ ಅವಳು ತಲೆಯಾಡಿಸಿದ ಮೇಲೆ ಮುಟ್ಟುತ್ತಿದ್ದ. ಬಿಸ್ಕೀಟಿನ ಮೇಲೆ ಒಂದು ಮುಖ ಬರೆದ. ಮೊದಲ ಬಾರಿ ನಕ್ಕ. ಆಗ ಆ ತಾಯಿ, ಬಹುಶಃ ಅಂದು ಒಂದೇ ಸಲ, ಅವನಿಂದ ಕಣ್ಣು ತೆಗೆದು ಫೋನು ನೋಡಿದಳು. ನಾನು ನೀರು ತರಲು ಒಳಗೆ ಹೋದೆ.

ಹೊರಬಂದಾಗ ಮಗಳು ನಡುವೆ ನಿಂತಿದ್ದಳು. ಕೈಯಲ್ಲಿ ಆ ಡಬ್ಬಿ! "ಕೆಂಪ ಬಣ್ಣ! ಮಮ್ಮಿ ಕಪಾಟಿನ ಮ್ಯಾಲ ಮುಚ್ಚಿಟ್ಟಿದ್ಲು!"

ಹುಡುಗನ ಬಿಸ್ಕೀಟಿನ ಮುಖಕ್ಕೆ ಕೆಂಪು ಕೂದಲು ಬಂದಿತ್ತು. ಅರ್ಧ ಕೂದಲು ಬಿಸ್ಕೀಟಿನ ಮೇಲಿತ್ತು, ಅರ್ಧ ಅವನ ಬಾಯಲ್ಲಿತ್ತು.

ಅವನು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ. ನಾನು ಒಂದನ್ನೂ ಇಡಲಿಲ್ಲ. ಜಗ್ಗಿನ ನೀರು ನನ್ನ ಎಡಗಾಲ ಮೇಲೆ ಬೀಳುತ್ತಿದ್ದುದು, ಅದು ತಣ್ಣಗಿದ್ದುದು ನೆನಪಿದೆ. "ಶೇಂಗಾ!" ಎಂದು ಯಾರೋ ಕಿರುಚಿದರು. ಅದು ನಾನೇ. ತಾಯಿ ಹಾರಿ ಬಂದು ಅವನ ಬಾಯೊಳಗೆ ಬೆರಳು ಹಾಕಿದಳು. "ಖಾರ! ಖಾರ!" ಎಂದು ಹುಡುಗ ಅಳತೊಡಗಿದ.

ಮೂಲೆಯಿಂದ ಕಾಕು ಎದ್ದಳು. "ಅಂಜಬ್ಯಾಡ ಯವ್ವಾ. ಒಣಾ ಕೊಬ್ಬರಿ ಐತಿ, ಬಳ್ಳೊಳ್ಳಿ, ಖಾರಪುಡಿ. ಶೇಂಗಾ ಇಲ್ಲ."

ಯಾರೂ ನಂಬಲಿಲ್ಲ. ತಾಯಿ ಡಬ್ಬಿ ಕಸಿದುಕೊಂಡು ಮೂಸಿದಳು, ನಾಲಿಗೆಗೆ ಹಚ್ಚಿ ನೋಡಿ ನನಗೆ ಕೊಟ್ಟಳು. ನಾನೂ ನೋಡಿದೆ. ಕೊಬ್ಬರಿಯೇ! ಆದರೂ ನನ್ನ ಗಂಡ ಕೆಳಗೆ ಗಾಡಿ ಚಾಲೂ ಮಾಡಿ ನಿಂತರು. ಅರ್ಧ ಗಂಟೆ ನಾವು ಆ ಹುಡುಗನ ತುಟಿ ನೋಡುತ್ತ ಕುಳಿತೆವು. ತುಟಿ ಕೆಂಪಗಿತ್ತು. ಸಕ್ಕರೆಯ ಬಣ್ಣವೋ, ಬಾವೋ? ತಾಯಿ ಒದ್ದೆ ಬಟ್ಟೆಯಿಂದ ಒರೆಸಿದಳು. ಬಣ್ಣ ಬಟ್ಟೆಗೆ ಬಂತು. ಬೆನ್ನ ಮೇಲೆ ಅಂಗೈ ಇಟ್ಟು ಉಸಿರು ಎಣಿಸಿದಳು. ಏಳು ಮಕ್ಕಳು ಬಿಸ್ಕೀಟು ಹಿಡಿದು ಸುಮ್ಮನೆ ಕುಳಿತಿದ್ದವು. ಕೊನೆಗೆ ಹುಡುಗನೇ ಬೇಸತ್ತು ಹೇಳಿದ: "ಮಮ್ಮಿ, ನಂದ ಅರ್ಧಾ ಬಿಸ್ಕೀಟ ಉಳದೈತಿ!"

ಆಗ ಎಲ್ಲರೂ ನಕ್ಕರು. ತಾಯಿ ನಗುತ್ತ ಅತ್ತಳು. ಕಾಕು ನನ್ನ ಕಡೆ ತಿರುಗಿದಳು. "ಮುಂಜಾನಿಂದ ಹುಡುಕಾಕತ್ತೀನಿ. ನನ್ನ ಡಬ್ಬಿ ಕದ್ದಕಿ ನೀನ?"

"ಅದರಾಗ ಶೇಂಗಾ ಇಲ್ಲಂತ ಮೊದಲ ಯಾಕ ಹೇಳಲಿಲ್ಲ ಕಾಕು?"

"ಹೇಳಿದ್ರ ನೀ ನಂಬ್ತಿದ್ದೇನ?"

ನಾನು ಡಬ್ಬಿಯನ್ನು ಅವಳ ಕೈಗೆ ಮರಳಿ ಕೊಟ್ಟೆ.

ಮರುದಿನ ಅವಳ ಸೊಸೆ ಕುಂಭಾರಿಯಿಂದ ಫೋನಿನಲ್ಲಿ ಹೇಳಿದಳು: "ಹದಿನೈದು ದಿವಸಾತ್ರಿ, ಅತ್ತಿಯವ್ರು ಶೇಂಗಾದ ಚೀಲ ದನದ ಕೊಟಗ್ಯಾಗ ಇಡಿಸ್ಯಾರ. ಚಟ್ನಿ ಕುಟ್ಟೂ ಒಳ್ಳು ಬಿಸಿನೀರಾಗ ತೊಳದ್ರು, ಡಬ್ಬಿ ಕುದಿಸಿದ್ರು. ಕೊಬ್ಬರಿ ಚಟ್ನಿ ಹಚ್ಗೊಂಡು ಮಾರಿ ಕಿವಚಿ ಭಕ್ರಿ ಉಣ್ತಿದ್ರು. ಯಾಕಂತ ಕೇಳಿದ್ರ, 'ನಾ ಮುಟ್ಟಿದ್ದ ಆ ಕೂಸ ತಿಂತೈತಿ. ನನ್ನ ಕೈ ನನಗ ನಂಬಿಕಿಲ್ಲ' ಅಂದ್ರು."

ಅದನ್ನು ಕೇಳಿದಾಗ ನನಗೆ ಹಿಂದಿನ ಸಂಜೆ ಬಾಗಿಲಲ್ಲಿ ಕಂಡದ್ದು ಅರ್ಥವಾಯಿತು. ಹೊರಟಿದ್ದ ಹುಡುಗ ಹಿಂದಿರುಗಿ ಬಂದು, ಉಳಿದ ಅರ್ಧ ಬಿಸ್ಕೀಟನ್ನು ಕಾಕುವಿನ ಅಂಗೈಯಲ್ಲಿಟ್ಟಿದ್ದ. ಅದು ಒದ್ದೆಯಾಗಿತ್ತು. ಅಂಚಿನಲ್ಲಿ ಅವನ ಹಲ್ಲಿನ ಗುರುತುಗಳಿದ್ದವು. ಕಾಕುವಿನ ಕೈ ರೂಢಿಯಂತೆ ಮೇಲೆದ್ದು ಮೂಗಿನ ಕಡೆ ಹೊರಟಿತು. ನಡುವೆ ಒಂದು ಕ್ಷಣ ನಿಂತಿತು. ಆಮೇಲೆ ನೇರ ಬಾಯಿಗೆ ಹೋಯಿತು.