ಹಿಂದೆ ಸರಿಯುವ ಉಮೇದುವಾರ

ಚುನಾವಣೆಗೆ ನಿಂತು ಗೆದ್ದವರನ್ನು ನೀವು ನೋಡಿದ್ದೀರಿ, ಸೋತವರನ್ನೂ ನೋಡಿದ್ದೀರಿ. ಹಿಂದೆ ಸರಿಯುವುದಕ್ಕೆಂದೇ ನಿಲ್ಲುವವರನ್ನು ನೋಡಬೇಕಿದ್ದರೆ ನನ್ನ ಸೋದರಮಾವನನ್ನೇ ನೋಡಬೇಕು! ತಾಲೂಕು ಬೋರ್ಡಿರಲಿ, ಜಿಲ್ಲಾ ಬೋರ್ಡಿರಲಿ, ಉಮೇದುವಾರಿಕೆಯ ಅರ್ಜಿ ಕೊಡುವವರಲ್ಲಿ ಮಾವನೇ ಮೊದಲಿಗ. ವಾಪಸು ಪಡೆಯುವವರಲ್ಲಿ ಕೊನೆಯವ.

ನಡುವಿನ ದಿನಗಳೇ ಮಾವನಿಗೆ ಹಬ್ಬ. ಮತ ಒಡೆದೀತೆಂದು ಹೆದರಿದ ಮುಖಂಡರು ಸಿದ್ದಾಪುರದ ಕಡೆ ಮಾವನ ಮನೆಯಿದ್ದ ಆ ಮೂಲೆಗೆ ಮೋಟಾರಿನಲ್ಲಿ ಬರುತ್ತಿದ್ದರು. ಮೋಟಾರು ಹಳ್ಳದ ದಂಡೆಯಲ್ಲೇ ನಿಲ್ಲಬೇಕು; ಕಾಲಿಟ್ಟು ದಾಟಲು ಒಂದು ಮರದ ಸಂಕವಾದರೂ ಎಲ್ಲಿದೆ? ಮುಖಂಡರ ಧೋತರ ಒದ್ದೆಯಾಗಬಾರದೆಂದು ಮಾವನ ಆಳುಗಳು ಅವರನ್ನು ಕುರ್ಚಿಸಮೇತ ಹೊತ್ತು ದಾಟಿಸುತ್ತಿದ್ದರು. ಜಗಲಿಯಲ್ಲಿ ತಿನ್ನಲು ಸಿಹಿ ತೊಡೆದೇವು, ಮೆಲ್ಲಲು ಎಲೆಯಡಿಕೆಯ ಕವಳ, ಉಭಯಕುಶಲೋಪರಿ. ಆಮೇಲೆ ಮಾವನದು ಒಂದೇ ಷರತ್ತು: "ಹಳ್ಳಕ್ಕೊಂದು ಸಂಕ ಆಗವು."

"ಸಂಕ ಎಂಥದ್ರೀ ರಾಯರ, ಸೇತುವೀನ ಕಟ್ಟಸ್ತೇವಿ! ಮೊದ್ಲು ಸಹಿ ಮಾಡ್ರಿ" ಎಂದರು ಬಯಲುಸೀಮೆಯಿಂದ ಬಂದ ಮುಖಂಡರೊಬ್ಬರು. ಮಾವ ಸಹಿ ಮಾಡಿದ. ಅವರು ಗೆದ್ದರು. ಸೇತುವೆಯೂ ಆಯಿತು, ಅವರ ಬೀಗರ ಊರಿನಲ್ಲಿ!

ಮಾವನ ಪಕ್ಷ ಯಾವುದು ಎಂದಿರಾ? ಅವನಿಗೆ ಎಲ್ಲವೂ ಆಗುತ್ತಿತ್ತು. ಉಳಿದವರೇನು ಸಿದ್ಧಾಂತ ಅರೆದು ಕುಡಿದವರೇ? ಒಬ್ಬರಿಗೆ ಸರಕಾರದ ಬಿರುದು ಬೇಕಿತ್ತು. ಇನ್ನೊಬ್ಬರಿಗೆ ದಾಯಾದಿ ಸೋಲಬೇಕಿತ್ತು. ಮತ್ತೊಬ್ಬರಿಗೆ ಹೆಂಡತಿಯ ಕಣ್ಣು ತಪ್ಪಿಸಿ ಮುಂಬಯಿಯಲ್ಲಿ ನಾಲ್ಕು ದಿನ ಇರಬೇಕಿತ್ತು. "ಯಂಗೆ ಬರೀ ಸಂಕ ಬೇಕು. ಅವಕ್ಕಿಂತ ಆನೇ ವಾಸಿ ಅಲ್ದ?" ಎನ್ನುತ್ತಿದ್ದ ಮಾವ.

ಅಷ್ಟರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆ ಬಂತು. ನಾನಾಗಲೇ ಖಾದಿ ಟೋಪಿಯ ಪಕ್ಷದಲ್ಲಿ ಗೋಡೆಗೆ ಕಾಗದ ಅಂಟಿಸುವ ದೊಡ್ಡ ಹುದ್ದೆಗೆ ಏರಿದ್ದೆ. ಮಾವ ಎಂದಿನಂತೆ ಅರ್ಜಿ ಹಾಕಿದ. ಅವನನ್ನು ಒಪ್ಪಿಸಲು ಯಾರು ಹೋಗುತ್ತೀರಿ ಎಂದು ಶಿರಸಿಯ ಕಚೇರಿಯಲ್ಲಿ ಕೇಳಿದರೆ ಎಲ್ಲರೂ ನಕ್ಕರು. "ಈ ಸಲ ಬೆದರುಬೊಂಬೆಗೆ ನಮ್ಮ ಟೋಪಿ ಹಾಕಿ ನಿಲ್ಲಿಸಿದರೂ ಗೆಲ್ಲುತ್ತದೆ. ನಿನ್ನ ಮಾವ ನಿಂತರೇನು, ಕೂತರೇನು!"

ಗಡುವಿನ ಮುಂಚಿನ ದಿನ ನಾನೇ ನಡೆದು ಹೋದೆ. ಹಳ್ಳದ ಕಲ್ಲು ಜಾರಿ ಬಿದ್ದು ತಲೆಯಿಂದ ಕಾಲಿನವರೆಗೆ ತೊಯ್ದೆ. ಮಾವ ಕೋಟು, ರುಮಾಲು ತೊಟ್ಟು ಜಗಲಿಯಲ್ಲಿ ಕೂತಿದ್ದ. ಎದುರಿಗೆ ಎರಡು ಖಾಲಿ ಕುರ್ಚಿ, ತಟ್ಟೆಯಲ್ಲಿ ತೊಡೆದೇವು.

"ಒಬ್ನೇ ಬಂದ್ಯ ತಮಾ? ಪಾರ್ಟಿಯವ್ಕೆ ಯನ್ನ ಹೆದ್ರಿಕೆ ಇಲ್ಯ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲೆ ಮಾವ. ನಾಕು ಜನ ನಿನ್ನ ನೋಡಿ ನಗ್ಯಾಡದು ಬ್ಯಾಡ ಹೇಳಿ ಆನೇ ಬಂದೆ."

"ಸಂಕ?"

"ಯನ್ನ ಕೈಲಿ ಆಗ್ತಿಲ್ಲೆ. ಮಾತು ಕೊಡ್ತ್ನಿಲ್ಲೆ."

ಮಾವ ಒಳಗೆ ಹೋಗಿ ಒಣ ಪಂಚೆ ತಂದ. ತಾನೇ ನನ್ನ ತಲೆ ಒರೆಸಿದ. "ಇಷ್ಟು ವರ್ಷದಲ್ಲಿ ಒದ್ದೆ ಆಗಿ ಬಂದವ ನೀ ಒಬ್ನೇಯ. ಮಾತು ಕೊಡ್ದೇ ಇದ್ದವನೂ ನೀನೇಯ. ಎಲ್ಲಿ ಸಹಿ ಹಾಕವು?"

ಸಹಿ ಹಾಕಿ, ಕಳಿಸಿಕೊಡಲು ಹಳ್ಳದವರೆಗೆ ಬಂದ. ಬಂದವನು ನೀರಿಗೂ ಇಳಿದ. ಎಷ್ಟೋ ವರ್ಷಗಳ ಹಿಂದೆ, ಮಾವನ ಹೆಂಡತಿ ನನ್ನ ಅತ್ತೆಗೆ ಜ್ವರವೇರಿದ ಆಷಾಢದಲ್ಲಿ ಇದೇ ಹಳ್ಳದ ನೆರೆ ಇಳಿಯಲು ಮೂರು ದಿನ ಹಿಡಿದಿತ್ತು. ಡಾಕ್ಟರು ಆಚೆ ದಂಡೆಗೆ ಬಂದು ತಿರುಗಿ ಹೋಗಿದ್ದರು. ಅತ್ತೆ ಎರಡೇ ದಿನ ಕಾದಳು. ಮಾವ ಯಾವ ಮುಖಂಡನೆದುರೂ ಆ ಮಾತು ಎತ್ತಿದವನಲ್ಲ, ಅಂದೂ ಎತ್ತಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ನಿಧಾನ ತಮಾ, ಕಲ್ಲು ಜಾರ್ತು" ಎಂದ ಮಾವ. ಆಚೆ ದಂಡೆ ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.